ಹಸುವಿನ ಎಡ ಮಗ್ಗುಲು

ಲಲಿತಕ್ಕಾ,

ಹಿಕ್ಸ್‌ವಿಲ್‌ನಲ್ಲಿ ರೈಲು ಹತ್ತಿದಾಗಲೆಲ್ಲ ಕಿಟಕಿಯ ಸೀಟು ನನಗೇ ಬಿಟ್ಟುಕೊಡುತ್ತಿದ್ದಿರಿ, ನೆನಪಿದೆಯೆ? ಪ್ರತಿ ಗುರುವಾರ ಮ್ಯಾನ್‌ಹ್ಯಾಟನ್ನಿನ ಮ್ಯೂಸಿಯಮ್ಮಿಗೆ ಹೋಗಿ, ಮುನ್ನೂರು-ನಾನೂರು ವರ್ಷ ಹಿಂದಿನ ಬರೋಕ್ ಕಾಲದ ಮುದ್ರಣಚಿತ್ರಗಳಲ್ಲಿರುವ ಪ್ರಾಣಿಗಳನ್ನು ನೋಡಿ, ಇಲ್ಲಿಯ ಕನ್ನಡ ಮಕ್ಕಳಿಗಾಗಿ ಪುಟ್ಟ ಪುಸ್ತಕ ಬರೆಯುತ್ತಿದ್ದಿರಿ. ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿದ ನಾನು ನಿಮ್ಮ ದನಕರುಗಳ ಸಲಹೆಗಾರ. ಆ ಪದವಿ ನನಗೆ ನಾನೇ ಕೊಟ್ಟುಕೊಂಡದ್ದು.

ಅಂಗೈಯಗಲದ ಆ ಚಿತ್ರದ ಮುಂದೆ ಅದೆಷ್ಟು ಹೊತ್ತು ನಿಂತಿದ್ದಿರಿ! ಕೂದಲೆಳೆಯಂಥ ಗೆರೆಗಳಲ್ಲಿ ಹಸುವಿನ ಗಂಗೆದೊಗಲು, ಬಾಲದ ಕುಚ್ಚು, ಮೂಗಿನ ತೇವ ಕೂಡ... ಬಲ ಮಗ್ಗುಲಲ್ಲಿ ಒಬ್ಬಳು ಹಾಲು ಕರೆಯುತ್ತ ಕೂತಿದ್ದಳು. ನಾನು ಸುಮ್ಮನಿರುವವನೆ? "ಅಕ್ಕ, ಈ ಪುಣ್ಯಾತ್ಮ ಕೊಟ್ಟಿಗೇನೇ ನೋಡಿಲ್ಲ. ಎಡಗಡೆ ಕೂತಲ್ವಾ ಹಾಲು ಕರೆಯೋದು?" ಎಂದೆ. ನೀವು ಪೆನ್ಸಿಲ್ ತೆಗೆದು ಹಾಗೇ ಬರೆದುಕೊಂಡಿರಿ. "ನೀನಿಲ್ದಿದ್ರೆ ನಂಗಿದು ಹೊಳೀತಾನೇ ಇರ್ಲಿಲ್ಲ ಕಣೋ ನಂಜುಂಡ." ಮನೆ ಸೇರುವವರೆಗೆ ನನ್ನ ಮೀಸೆ ಕೆಳಗಿಳಿಯಲಿಲ್ಲ.

ನೀವು ತೀರಿಹೋದ ಮೇಲಿನ ಚಳಿಗಾಲ, ಗುರುವಾರಗಳನ್ನು ಹೇಗಾದರೂ ಕಳೆಯಬೇಕಿತ್ತಲ್ಲ, ಫ್ಲೋರಲ್ ಪಾರ್ಕಿನಲ್ಲಿ ಹಿರಿಯರಿಗೆಂದು ಇಟ್ಟಿದ್ದ ಮುದ್ರಣಚಿತ್ರದ ಕ್ಲಾಸಿಗೆ ಸೇರಿದೆ. ತಗಡಿನ ಮೇಲೆ ಹಸು ಕೊರೆದು, ಹಾಲು ಕರೆಯುವವಳನ್ನು ನಮ್ಮ ಪದ್ಧತಿಯಂತೆ ಎಡಗಡೆ ಕೂರಿಸಿದೆ. ಮಸಿ ಬಳಿದು, ಒತ್ತಿ, ಕಾಗದ ಎತ್ತಿದರೆ ಅವಳು ಬಲಗಡೆ ಕೂತಿದ್ದಾಳೆ. ಒತ್ತಿದ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿಯೇ ಬರುತ್ತದೆ ಎಂದು ಟೀಚರಮ್ಮ ನಕ್ಕರು. ನನಗೆ ನಗು ಬರಲಿಲ್ಲ. ನೂರಾರು ವರ್ಷದ ಹಿಂದೆ ಮ್ಯೂಸಿಯಮ್ಮಿನ ಆ ಚಿತ್ರಕಾರ ಸರಿಯಾಗಿಯೇ ಕೊರೆದಿದ್ದನೋ ಏನೋ...

ನಿಮ್ಮ ಮಗಳು ಮೀರಾ ಒಂದು ದಿನ ನಿಮ್ಮ ಪುಸ್ತಕದ ಪ್ರೂಫ್ ತಂದು ಕೊಟ್ಟಳು. ನಾಲ್ಕನೇ ಪುಟದಲ್ಲಿ, "ಈ ಚಿತ್ರಕಾರನಿಗೆ ಹಸು ಗೊತ್ತಿರಲಿಲ್ಲ. ಹೇಳಿಕೊಟ್ಟವನು ನಂಜುಂಡ." ನನ್ನ ಹೆಸರು ಅಚ್ಚಾಗುವುದು ಜನ್ಮದಲ್ಲಿ ಅದೊಂದೇ ಸಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ತಿಳಿಯುತ್ತಿತ್ತು? ಆದರೆ ನಿಮ್ಮ ಪುಸ್ತಕದಲ್ಲಿ ನನ್ನ ಜಂಬದ ತಪ್ಪು ಉಳಿಯುವುದೆಂದರೆ... ಎಲ್ಲ ಹೇಳಿಬಿಟ್ಟೆ.

"ಇಟ್ಸ್ ಓಕೆ ಅಂಕಲ್, ಆ ಲೈನ್ ಡಿಲೀಟ್ ಮಾಡ್ತೀನಿ. ಬಟ್ ನಿಮ್ ಹೆಸರೂ ಹೋಗುತ್ತೆ" ಎಂದಳು.

"ಹೆಸರು ಇರ್ಲಮ್ಮ. ತಪ್ಪು ನಂದು ಅಂತ ಅದರ ಪಕ್ಕಕ್ಕೆ ಹಾಕು" ಎಂದೆ.

ಪುಸ್ತಕ ಬಂತು ಅಕ್ಕ. ಓದಿ ಹೇಳುವಾಗ ನಾಲ್ಕನೇ ಪುಟಕ್ಕೆ ಬಂದರೆ ಇಲ್ಲಿಯ ಮಕ್ಕಳು ನನ್ನತ್ತ ತಿರುಗಿ ಕಿಸಕ್ಕೆನ್ನುತ್ತವೆ. ಅದರಲ್ಲಿ ತಪ್ಪು ಹೇಳಿದವನು ನಾನೊಬ್ಬನೇ. ನೀವಲ್ಲ.

ನಿಮ್ಮ
ನಂಜುಂಡ