ಎಣಿಸಲು ಕೊಟ್ಟ ಲೇಖನಗಳು

ಡುಲೂತ್, ಮಾರ್ಚ್ ೪

ಗ್ರಂಥಪಾಲಕಿ ಮಾರಿಟ್ ಹಾಗನ್ ಅವರಿಗೆ,

ನನ್ನ ಬಡ್ತಿಗಾಗಿ ನಿಮಗೆ ವಹಿಸಿದ ಕೆಲಸ ಇಷ್ಟೇ: ನನ್ನ ಲೇಖನಗಳನ್ನು ಎಷ್ಟು ಜನ ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ್ದಾರೆಂದು ಎಣಿಸಿ ಸಮಿತಿಗೆ ತಿಳಿಸುವುದು. ಆದರೆ ನಮ್ಮ ಕಚೇರಿಯ ಡಾರ್ಲೀನ್ ಬೇರೆಯೇ ಹೇಳುತ್ತಾಳೆ. "ಸರ್, ಆಯಮ್ಮ ಕಿಟಕಿ ಹತ್ರ ಕೂತು ನಿಮ್ಮ ಲೇಖನ ಓದ್ತಾ ಇದ್ರು. ಮಧ್ಯೆ ನಕ್ರು ಕೂಡ."

ಎಣಿಸುವವರಿಗೆ ಓದುವ ಉಸಾಬರಿ ಯಾಕೆ? ಯಾರು ಹೇಳಿಕೊಟ್ಟರು, ಡೀನ್ ಸಾಹೇಬರೇ? ನಾನು ಬರೆದಿರುವುದು ಹೆಪ್ಪುಗಟ್ಟಿದ ಸರೋವರದ ಮೀನುಗಳ ಬಗ್ಗೆ, ಅದರಲ್ಲಿ ನಗುವಂಥದ್ದೇನಿದೆ? ತಪ್ಪು ಹುಡುಕುತ್ತಿದ್ದರೆ ನೇರವಾಗಿ ಹೇಳಿ. ಇಲ್ಲವಾದರೆ ಕೆಲಸ ಎಣಿಕೆಯಷ್ಟಕ್ಕೇ ಇರಲಿ.

ಅಕಸ್ಮಾತ್ ಪೂರ್ತಿ ಓದಿಯೇಬಿಟ್ಟಿದ್ದರೆ, ಹೇಗಿತ್ತೆಂದು ಸಮಿತಿಗಿಂತ ಮೊದಲು ನನಗೊಂದು ಸಾಲು ಬರೆಯಿರಿ. ಉಲ್ಲೇಖಿಸಿದವರು ಬಹಳ ಮಂದಿ ಇದ್ದಾರೆ. ಓದಿದೆ ಅಂದವರು ಇದುವರೆಗೆ ಒಬ್ಬರೂ ಸಿಕ್ಕಿಲ್ಲ.

ಉತ್ತರ ಎದುರುನೋಡುವ,
ಆರ್ವಿಲ್ ಟೆಸಿಯರ್
ಪ್ರಾಣಿಶಾಸ್ತ್ರ ವಿಭಾಗ