ಮಣಿಪಾಲದಲ್ಲಿ ನಾನು ಸೋತ ವಾದ

ಮಣಿಪಾಲ, 9-1-1979

ಝೀಟಾಳ ತಾಯಿಗೆ,

ನಿಂತುಕೊಂಡೇ ಬರೆಯುತ್ತಿದ್ದೇನೆ, ಕುಳಿತುಕೊಳ್ಳುವಷ್ಟು ಸಮಾಧಾನ ನನ್ನಲ್ಲಿಲ್ಲ. ನಮ್ಮ ಮಗಳು ನರ್ಸಿಂಗ್ ಕಲಿಯುತ್ತಿದ್ದಾಗ ಮನೆಯ ಗುಲಾಬಿಯ ಕಡ್ಡಿ ತಂದು ಇಲ್ಲಿನ ಸಾರ್ವಜನಿಕ ತೋಟದಲ್ಲಿ ಕಸಿ ಕಟ್ಟಿದ್ದಳಲ್ಲ, ಆ ಗಿಡ ಬದುಕಿದೆ! ಅವಳು ತೀರಿಕೊಂಡ ಮೇಲೆ ಯಾರೂ ನೋಡದೆ, ಹೆಸರಿನ ಹಲಗೆಗಳೆಲ್ಲ ಕಳಚಿ, ಕಸಿಯ ಕೆಳಗಿನ ಕಾಡುಗುಲಾಬಿಯೇ ಎಲ್ಲವನ್ನೂ ಮುಚ್ಚಿಬಿಟ್ಟಿತ್ತು. ಮೂರು ವಾರಗಳ ಹಿಂದೆ ಮಾಲಿ ಶುಕೂರ್ ಕೊನೆಯ ಸಾಲಿನ ಪೊದೆಯನ್ನು ತೋರಿಸಿದಾಗ, ತೊಟ್ಟಿಗೆ ಏಳೇಳು ಎಲೆ ಎಣಿಸಿ, ನಮ್ಮ ಗುಲಾಬಿಗಾದರೆ ಐದೇ ಇರಬೇಕು, ಇದು ಬರಿಯ ಕಾಡು, ಬೇರುಸಹಿತ ಕೀಳತಕ್ಕದ್ದು ಎಂದು ನಾನು ಸಕಾರಣವಾಗಿ ವಾದಿಸಿದೆ.

"ಭಾಷಣ ಮತ್ತೆ ಮಾಡಿ ಪೊರ್ಬುಗಳೇ, ಮೊದಲು ಬಗ್ಗಿ ನೋಡಿ. ಕಸಿಗಂಟಿನ ಮೇಲೆ ಒಂದು ಚಿಗುರು ಉಂಟು. ಅದರಲ್ಲಿ ಐದೇ ಎಲೆ ಅಲ್ವಾ?" ಎಂದ ಶುಕೂರ್.

ಕಾಡುಚಿಗುರನ್ನೆಲ್ಲ ಸವರಿದೆವು. ಇಂದು ಬೆಳಿಗ್ಗೆ ಆ ಒಂದು ಚಿಗುರಿನಲ್ಲಿ ಹೂವು! ಒಳಗೆ ಕೆಂಪು, ಎಸಳಿನ ಬೆನ್ನಿಗೆ ಹಳದಿ, ನಮ್ಮದೇ, ಸಂಶಯವಿಲ್ಲ. ನಾನು ಎಷ್ಟು ಗಟ್ಟಿಯಾಗಿ ನಕ್ಕೆನೆಂದರೆ ಶುಕೂರ್ ಹೆದರಿ ಕತ್ತರಿ ಕೆಳಗಿಟ್ಟ. ಕಾಲೇಜಿನ ಚರ್ಚಾಕೂಟಗಳಲ್ಲಿ ಒಮ್ಮೆಯೂ ಸೋಲದವನು ಈ ಸೋಲನ್ನು ಲಿಖಿತವಾಗಿ, ಪರಮ ಸಂತೋಷದಿಂದ ಒಪ್ಪುತ್ತಿದ್ದೇನೆ.

ಕಣ್ಣಿನ ಚಿಕಿತ್ಸೆ ಮುಗಿಯಿತು, ಚೆನ್ನಾಗಿ ಕಾಣುತ್ತದೆ. ಹೆಜಮಾಡಿಯ ಬಸ್ಸಿಗೆ ಶನಿವಾರ ಹತ್ತುತ್ತೇನೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಡ್ಡಿಯೊಡನೆ. ಅವಳು ಕಡ್ಡಿ ತೆಗೆದಿದ್ದ ನಮ್ಮ ಬಾವಿಕಟ್ಟೆಯ ಗಿಡ ಸತ್ತುಹೋಯಿತೆಂದು ನಾನೇ ಕಿತ್ತೆಸೆದು, ಹೊಂಡವನ್ನು ಮುಚ್ಚಿಬಿಡು ಎಂದಿದ್ದೆ.

ಮುಚ್ಚಬೇಡ.

ಅಂಚೆಯವನು ಪೆಟ್ಟಿಗೆ ತೆರೆಯುತ್ತಿದ್ದಾನೆ.

ಫೌಸ್ಟಿನ್