ಕೈ ಬಂದ ಸುದ್ದಿ

ರೀ,

ಊಟ ಡಬ್ಬಿಯಲ್ಲಿದೆ. ಮುಚ್ಚಳ ಬಿಗಿಯಾಗಿದೆ, ಬೇಕಂತಲೇ ಹಾಗೆ ಹಾಕಿದ್ದೇನೆ. ಮಾತ್ರೆಯನ್ನೂ ಬಿಡಿಸಿಟ್ಟಿಲ್ಲ. ನಿಮ್ಮ ಬಲಗೈಯಿಂದಲೇ ಎಲ್ಲ ಮಾಡಿಕೊಳ್ಳಿ.

ನಿನ್ನೆ ಆಸ್ಪತ್ರೆಯಲ್ಲಿ ನೀವು ಕೈಗೆ ವ್ಯಾಯಾಮ ಮಾಡಿಸುವ ಆ ರೋಬೋ ಯಂತ್ರದಲ್ಲಿ ಕೈ ಇಟ್ಟು ಕೂತಿದ್ದಾಗ, ಫಿಸಿಯೋ ಹುಡುಗಿ ನಗುತ್ತಾ ನನ್ನ ಹತ್ತಿರ ಬಂದಳು. "ಆಂಟಿ, ಈಗ ಮೆಷಿನ್ನು ಸುಮ್ನೆ ಜೊತೆಗಿರುತ್ತೆ ಅಷ್ಟೇ. ಕೈ ಎತ್ತೋದೆಲ್ಲ ಅಂಕಲ್ಲೇ, ಹೋದ ತಿಂಗಳಿಂದಾನೇ. ಮನೇಲಿ ಊಟಾನೂ ತಾವೇ ಮಾಡ್ತಾರಂತಲ್ಲ?" ಎಂದಳು. ಹೌದೆಂದು ತಲೆಯಾಡಿಸಿದೆ. ಅವಳೆದುರು ಮಾನ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋದಾಗ ಎಡಗೈಯಲ್ಲಿ ತಿನ್ನಲು ನಾಚಿಕೆ ಎಂದಿರಿ. ಡ್ರೈವಿಂಗ್ ಸ್ಕೂಲಿನ ಕೆಲಸ ಬಿಟ್ಟು ಬಂದು ನಿಮ್ಮ ಬಾಯಿಗೆ ತುತ್ತು ಇಟ್ಟೆ. ಬೇಜಾರೇನೂ ಇರಲಿಲ್ಲ. ಆದರೆ ಹೋದ ವಾರ ನಾನು ಜ್ವರದಲ್ಲಿ ಮಲಗಿ, ಹಣೆಗೊಂದು ಒದ್ದೆ ಬಟ್ಟೆ ಹಿಂಡಿ ಹಾಕಿ ಎಂದು ಕೇಳಿದೆ. ಆ ಬಲಗೈಯನ್ನು ತೊಡೆಯ ಮೇಲೆ ಜೋಲುಬಿಟ್ಟುಕೊಂಡು, "ನನ್ ಕೈಲಿ ಆಗುತ್ತೇನೇ?" ಎಂದಿರಿ. ನಾನು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದನ್ನು ಟಿವಿ ನೋಡುವ ಹಾಗೆ ನೋಡುತ್ತಾ ಕೂತಿರಿ. ನಿಮಗೆ ಅಯ್ಯೋ ಅನ್ನಿಸಲಿಲ್ಲ. ನನಗೂ ಈಗ ಅನ್ನಿಸುತ್ತಿಲ್ಲ.

ಹಳೇ ಕೆಲಸ ಮತ್ತೆ ಕೇಳಲು ಹೊರಟಿದ್ದೇನೆ. ಕೈ ಬಂದ ಸುದ್ದಿಯನ್ನು ನಿಮ್ಮ ಅಕ್ಕನಿಗೆ ಹೇಳಿದೆ. ಪಾಪ, ಫೋನಿನಲ್ಲೇ ಖುಷಿಗೆ ಅತ್ತುಬಿಟ್ಟರು. ಸಂಜೆ ಮನೆಮಂದಿಯನ್ನೆಲ್ಲ ಕರೆದುಕೊಂಡು ನೋಡಲು ಬರುತ್ತಾರೆ. ಎಲ್ಲರಿಗೂ ನೀವೇ ಕಾಫಿ ಮಾಡಿ ಕೊಡುತ್ತೀರಿ ಎಂದಿದ್ದೇನೆ.

ಕಪ್ಪುಗಳನ್ನು ಮೇಲಿನ ಕಪಾಟಿಗೆ ಏರಿಸಿಟ್ಟಿದ್ದೇನೆ.